ಚಪ್ಪಲಿ ಎಣಿಸುತ್ತಿದ್ದ ಉಸ್ತಾದರು

ನಮ್ಮ ಮನೆಗೆ ಮೊದಲ ಸಲ ಬಂದ ದಿನ ಅವರು ಬಾಗಿಲಲ್ಲೇ ನಿಂತುಬಿಟ್ಟರು. ಸಂಕೋಚವಿರಬೇಕೆಂದು ನಾನು "ಬನ್ನಿ, ಬನ್ನಿ" ಎಂದು ಉಪಚಾರ ಮಾಡಿದೆ. ಸಂಕೋಚವೂ ಅಲ್ಲ, ಏನೂ ಅಲ್ಲ. ಅವರು ಗೋಡೆಯ ಬದಿಯಲ್ಲಿದ್ದ ನಮ್ಮ ಚಪ್ಪಲಿ, ಬೂಟುಗಳನ್ನು ಎಣಿಸುತ್ತಿದ್ದರು. ಎಣಿಸಿ ಮುಗಿಸಿ, ತಮ್ಮ ಬೂಟನ್ನೂ ಬಿಚ್ಚಿ ಆ ಸಾಲಿನ ಕೊನೆಗೆ ಇಟ್ಟು ಹೇಳಿದರು: "ದೊಡ್ಡವರು ಇಬ್ಬರೇ. ಒಬ್ಬರಿಗೆ ಜ್ವರ ಬಂದರೆ ನಿಮ್ಮ ಸಂಸಾರ ನಿಂತುಹೋಗುತ್ತದೆ, ಇಂಜಿನಿಯರ್ ಸಾಹೇಬ್."

ಮೊದಲ ಸಲ ಮನೆಗೆ ಬಂದವರು ಆಡುವ ಮಾತೇ ಇದು? ನನಗೆ ಸ್ವಲ್ಪ ಮುನಿಸೇ ಬಂತು. ಆದರೆ ಅದರ ಮುಂದಿನ ವಾರವೇ ನನ್ನ ಹೆಂಡತಿ ಸುಮಾ ಜ್ವರ ಹಿಡಿದು ಮಲಗಿದಳು. ಮಗಳನ್ನು ಶಾಲೆಯಿಂದ ಕರೆತರಲು ನಾನು ಮೀಟಿಂಗಿನ ನಡುವೆ ಎದ್ದು ಓಡಿದೆ, ಅನ್ನ ತಳ ಹಿಡಿಯಿತು, ಸಂಸಾರ ನಿಜಕ್ಕೂ ನಿಂತುಹೋಯಿತು.

ಅವರು ಹೋದ ತಿಂಗಳು ಪೇಶಾವರದಲ್ಲಿ ತೀರಿಕೊಂಡರು. ಅವರ ಮಗಳು ನನಗೆ ಮೆಸೇಜು ಕಳಿಸಿ ತಿಳಿಸಿದಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ತಮ್ಮದಲ್ಲದ ದೇಶದಲ್ಲಿ ತಲೆ ತಗ್ಗಿಸಿಕೊಂಡು ಬದುಕುತ್ತಿದ್ದಾರೆ. ಕಾಬೂಲಿನಲ್ಲಿ ಹುಡುಗರಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದವರಾದ್ದರಿಂದ ಇಲ್ಲಿ ಐರ್ಲೆಂಡಿನಲ್ಲಿದ್ದ ಆಫ್ಘನ್ನರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಅವರನ್ನು ಕಂಡದ್ದು ಡಬ್ಲಿನ್ ಅಂಚಿನ ಸಿಟಿವೆಸ್ಟ್‌ನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ. ಅವರು ಸೂಪಿನ ಪಾತ್ರೆಯ ಹಿಂದೆ ನಿಲ್ಲುತ್ತಿದ್ದರು. ಒಂದು ದಿನ ನಾನು ಬಟ್ಟಲು ಚಾಚಿದರೆ ಸೌಟು ಎತ್ತಲೇ ಇಲ್ಲ. ಹಿಂದಿಯಲ್ಲಿ, ಅದೂ ನನ್ನ ಹಿಂದಿಗಿಂತ ನೂರು ಪಾಲು ಚೆನ್ನಾದ ಹಿಂದಿಯಲ್ಲಿ, ಮೆಲ್ಲಗೆ ಹೇಳಿದರು: "ನೀವು ಮಾಂಸ ತಿನ್ನೋದಿಲ್ಲ ಅಂತ ಕಾಣುತ್ತೆ. ಬೋರ್ಡಿನಲ್ಲಿ ತರಕಾರಿ ಸೂಪ್ ಅಂತ ಬರೆದಿದ್ದಾರೆ. ಕೋಳಿ ಬೇಯಿಸಿದ ನೀರು ಹಾಕಿದ್ದಾರೆ. ಬ್ರೆಡ್ ತಗೊಳ್ಳಿ." ನಾಲ್ಕು ತಿಂಗಳಿಂದ ಅದೇ ಸೂಪನ್ನು ಚಪ್ಪರಿಸಿ ಕುಡಿಯುತ್ತಿದ್ದ ನಾನು ಬಟ್ಟಲು ಹಿಡಿದುಕೊಂಡೇ ಪೆದ್ದನಂತೆ ನಿಂತೆ.

ಹುಡುಗರಾಗಿದ್ದಾಗ ಒಮ್ಮೆ ದೇಶ ಬಿಟ್ಟು ಪೇಶಾವರದ ಶಿಬಿರದಲ್ಲಿ ಬೆಳೆದದ್ದರಿಂದ ಅವರಿಗೆ ಉರ್ದು ನೀರು ಕುಡಿದಷ್ಟು ಸಲೀಸು. ನಮ್ಮ ಮಾತೆಲ್ಲ ಅದರಲ್ಲೇ ನಡೆಯುತ್ತಿತ್ತು. ಇಂಗ್ಲಿಷನ್ನು ಬರೆಯಲು ಇಟ್ಟುಕೊಂಡಿದ್ದರು. ಯಾರಾದರೂ "ಹೇಗಿದ್ದೀರಿ" ಎಂದರೆ ಮಾತ್ರ ಥೇಟ್ ಡಬ್ಲಿನ್ನಿನವರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತಿದ್ದರು. "ಈ ದೇಶದಲ್ಲಿ ನಾನು ಕಲಿತ ಮೊದಲ ಸುಳ್ಳು ಅದು," ಎಂದು ಒಮ್ಮೆ ನಕ್ಕರು.

ಏಪ್ರನ್ನಿನ ಜೇಬಿನಲ್ಲಿ ಪೆನ್ನು ಇಡುವಂತಿರಲಿಲ್ಲ. ಸೂಪಿಗೆ ಬಿದ್ದರೆ ಕಷ್ಟ ಎಂದು ಮೇಲಿನವರು ಹೇಳಿದ್ದರಂತೆ. ಅದಕ್ಕೆ ಪೆನ್ನನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಮೂಲೆಯ ಮೇಜಿಗೆ ಕೂತು, ಬಗ್ಗಿ ಪೆನ್ನು ತೆಗೆದು, ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಬರೆಯುತ್ತಿದ್ದರು. ಏನು ಬರೆಯುತ್ತೀರಿ ಎಂದು ನಾನು ಕೇಳಬಾರದಿತ್ತೋ ಏನೋ. ಕೇಳಿದೆ, ಸಿಕ್ಕಿಬಿದ್ದೆ.

ಅವರು ಬರೆಯುತ್ತಿದ್ದುದು ಹ್ಮೋಂಗ್ ಜನರ ಬಗ್ಗೆ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಲಾವೋಸ್ ದೇಶದ ಬೆಟ್ಟದ ಜನ ಅವರು. ಅಲ್ಲಿಯ ಯುದ್ಧದಲ್ಲಿ ಅಮೆರಿಕದ ಪರ ಬಡಿದಾಡಿ, ಅಮೆರಿಕ ಗಂಟುಮೂಟೆ ಕಟ್ಟಿ ಹೊರಟ ಮೇಲೆ ಮನೆಮಠ ಬಿಟ್ಟು ಓಡಿ, ಥಾಯ್ಲೆಂಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಕೊಳೆತು, ಕೊನೆಗೆ ಅದೇ ಅಮೆರಿಕ ಸೇರಿದವರು. "ಊರಿನ ಹೆಸರು ಬದಲಿಸಿದರೆ ನಮ್ಮ ಕಥೆಯೇ," ಎಂದರು ಉಸ್ತಾದರು. ತರುಣರಾಗಿದ್ದಾಗ ಒಂದು ವರ್ಷ ಓದಲೆಂದು ಅಮೆರಿಕದ ಮಿನೆಸೋಟಕ್ಕೆ ಹೋಗಿ, ಹ್ಮೋಂಗ್ ಮನೆಯೊಂದರ ನೆಲಮಾಳಿಗೆಯಲ್ಲಿ ಬಾಡಿಗೆಗೆ ಇದ್ದರಂತೆ. ಚಪ್ಪಲಿ ಎಣಿಸುವ ಚಟ ಅಂಟಿದ್ದು ಆ ಮನೆಯ ಬಾಗಿಲಲ್ಲಿ.

"ಹತ್ತೊಂಬತ್ತು ಜೊತೆ ಇಂಜಿನಿಯರ್ ಸಾಹೇಬ್! ನಾನು ಮೊದಲು ಮದುವೆಯೋ ಸಾವೋ ಅಂದುಕೊಂಡೆ. ನೋಡಿದರೆ ದಿನವೂ ಅಷ್ಟೇ. ಅಜ್ಜಿ ಮಕ್ಕಳನ್ನು ನೋಡಿಕೊಳ್ಳೋಳು. ಇಬ್ಬರು ಅತ್ತೆಯರು ಊರಾಚೆ ತುಂಡು ನೆಲದಲ್ಲಿ ಸೊಪ್ಪು ಬೆಳೆದು ಶನಿವಾರದ ಸಂತೆಗೆ ಒಯ್ಯೋರು. ಚಿಕ್ಕಪ್ಪಂದಿರು ಒಬ್ಬರ ಹಿಂದೆ ಒಬ್ಬರು ಒಂದೇ ಕಾರಿನಲ್ಲಿ ಪಾಳಿಗೆ ಹೋಗೋರು. ಆ ಮನೆಯಲ್ಲಿ ಯಾರಿಗೂ ಓದು ಇರಲಿಲ್ಲ. ಅಜ್ಜಿಗೆ ಸಹಿ ಬರೋದಿಲ್ಲ. ನನ್ನ ಹತ್ತಿರ ಎರಡು ಡಿಗ್ರಿ ಇತ್ತು. ಆದರೆ ನನಗೆ ಜ್ವರ ಬಂದಾಗ ಗಂಜಿ ಕೊಟ್ಟಿದ್ದು ಅವರು."

ಅವರ ವಾದ ಇಷ್ಟೇ. ನಿರಾಶ್ರಿತನ ಬಡತನವನ್ನು ಅವನ ಸಂಬಳದಿಂದ ಅಳೆಯಬೇಡಿ, ಅವನ ಬಾಗಿಲಲ್ಲಿರುವ ಚಪ್ಪಲಿಯಿಂದ ಅಳೆಯಿರಿ. ಹ್ಮೋಂಗರು ಬಂದದ್ದು ಕುಲದ ಸಮೇತ. ಅಮೆರಿಕ ಅವರನ್ನು ಊರಿಗೊಂದು ಸಂಸಾರದಂತೆ ಚೆದುರಿಸಿತು. ಅವರು ಹಳೇ ಕಾರು ಹತ್ತಿ, ಅಣ್ಣತಮ್ಮಂದಿರು ಎಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ಹೋಗಿ ಮತ್ತೆ ಒಟ್ಟಾದರು. ಆಫ್ಘನ್ನರು ಬಂದದ್ದು ಒಬ್ಬೊಬ್ಬರೇ, ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು ಹಿಡಿದುಕೊಂಡು. "ಅವರು ಸೊಪ್ಪಿನ ಬೀಜ ತಂದರು, ನಾವು ಕಾಗದ ತಂದೆವು. ಬೀಜ ಎಲ್ಲಿ ಹಾಕಿದರೂ ಏಳುತ್ತೆ."

ಹಾಗೆಂದು ಹ್ಮೋಂಗರನ್ನು ಅವರು ಅಟ್ಟಕ್ಕೇರಿಸುತ್ತಿರಲಿಲ್ಲ. ಅವರೂ ಎಷ್ಟೋ ಕಾಲ ಸರ್ಕಾರ ಕೊಟ್ಟಿದ್ದರಲ್ಲೇ ದಿನ ದೂಡಿದರು, ಆ ಅಜ್ಜಿ ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು ಎಂದು ನೆನೆಯುತ್ತಿದ್ದರು. ನಾನು ಆ ಬರಹದ ಇಂಗ್ಲಿಷ್ ತಿದ್ದಿಕೊಡುತ್ತಿದ್ದೆ. ತಿದ್ದಲು ಹೆಚ್ಚೇನೂ ಇರುತ್ತಿರಲಿಲ್ಲ. ಒಂದು ಸಲ ಸುಮ್ಮನೆ ಕಿಚಾಯಿಸಲು, "ನಮ್ಮನ್ನೂ ಸೇರಿಸಿ ಉಸ್ತಾದ್, ಬೆಂಗಳೂರಿನ ಇಂಜಿನಿಯರುಗಳು ಅಂತ ಇನ್ನೊಂದು ಕಾಲಂ ಹಾಕಿ" ಎಂದೆ. ಅವರು ನಗಲಿಲ್ಲ. "ನಿಮ್ಮ ಹೆಂಡತಿ ನಿಮ್ಮ ಜೊತೆ ಒಂದೇ ವಿಮಾನದಲ್ಲಿ ಬಂದರು ಅಲ್ವಾ? ನೀವು ಈ ಲೆಕ್ಕಕ್ಕೆ ಬರೋದಿಲ್ಲ," ಎಂದರು.

ಅವರ ಹೆಂಡತಿ, ಮೂವರು ಮಕ್ಕಳು ಪೇಶಾವರದಲ್ಲಿದ್ದರು. ಅವರನ್ನು ಕರೆಸಿಕೊಳ್ಳುವುದೊಂದೇ ಈ ಮನುಷ್ಯನಿಗಿದ್ದ ಕೆಲಸ. ಸೂಪು, ಸಂಶೋಧನೆ ಎಲ್ಲ ಹೊತ್ತು ಕಳೆಯುವ ದಾರಿ. ಊರಿನ ಇನ್ನೊಂದು ತುದಿಯ ಸ್ವೋರ್ಡ್ಸ್‌ನಲ್ಲಿ ಆರು ಜನ ಹಂಚಿಕೊಂಡ ಮನೆಯೊಂದರಲ್ಲಿ ಅವರದೊಂದು ಕೋಣೆಯಿತ್ತು. ಅಲ್ಲಿಂದ ಎರಡು ಬಸ್ಸು ಹಿಡಿದು ಕೆಲಸಕ್ಕೆ ಬರಬೇಕು. ಇಷ್ಟು ದೂರ ಯಾಕೆ ಎಂದರೆ, "ವಿಮಾನ ನಿಲ್ದಾಣ ಹತ್ತಿರ" ಎನ್ನುತ್ತಿದ್ದರು. ಕಿಟಕಿಯಿಂದ ವಿಮಾನ ಕಾಣುತ್ತಿತ್ತು. ಇಳಿಯುವ ವಿಮಾನ ಮಾತ್ರ ನೋಡುತ್ತೇನೆ, ಏರುವುದನ್ನು ನೋಡುವುದಿಲ್ಲ ಎಂದೂ ಹೇಳಿದ್ದರು. ಹಳೇ ಸಾಮಾನಿನ ಅಂಗಡಿಯಿಂದ ಐದು ಅಂತಸ್ತಿನ ಒಂದು ಚಪ್ಪಲಿ ಸ್ಟ್ಯಾಂಡ್ ತಂದು ಕೋಣೆಯ ಬಾಗಿಲ ಬಳಿ ಇಟ್ಟಿದ್ದರು. ಮೇಲಿನ ಹಲಗೆಯಲ್ಲಿ ಅವರ ಬೂಟು. ಉಳಿದ ನಾಲ್ಕನ್ನೂ ವಾರಕ್ಕೊಮ್ಮೆ ಒರೆಸುತ್ತಿದ್ದರು.

ಆಶ್ರಯ ಸಿಕ್ಕ ಒಂದು ವರ್ಷದೊಳಗೆ ಕುಟುಂಬಕ್ಕೆ ಅರ್ಜಿ ಹಾಕಬೇಕು. ಕಾಗದಪತ್ರ ಹೊಂದಿಸುವುದರಲ್ಲೇ ವರ್ಷ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಸುಮಾ ಬಿಸಿಬೇಳೆಬಾತ್ ಮಾಡಿದ್ದಳು. ಮಕ್ಕಳು ಎಷ್ಟು ಎಂದೆ. ಮೂವರು, ದೊಡ್ಡವಳು ಮಗಳು, ಆಮೇಲೆ ಇಬ್ಬರು ಗಂಡು ಎಂದರು. ನಾನು ಮಗಳ ಹೆಸರು ಟೈಪು ಮಾಡುತ್ತಿದ್ದಂತೆ ನನ್ನ ಮುಂಗೈ ಮೇಲೆ ಕೈಯಿಟ್ಟು ತಡೆದರು.

"ಅವಳು ನನ್ನ ಅಣ್ಣನ ಮಗಳು. ಎರಡು ವರ್ಷದವಳಿದ್ದಾಗ ಅಣ್ಣ, ಅತ್ತಿಗೆ ಇಬ್ಬರೂ ಹೋದರು. ಅವಳ ಗುರುತಿನ ಚೀಟಿಯಲ್ಲಿ ತಂದೆ ಅಂತ ನನ್ನ ಹೆಸರೇ ಹಾಕಿಸಿದ್ದೀನಿ. ಇದನ್ನು ಎಲ್ಲಿ ಬರೆಯೋದು?"

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ನಾಲ್ಕು ವರ್ಷದವನಿದ್ದಾಗ ನನ್ನ ಅಪ್ಪ ತೀರಿಕೊಂಡರು. ನನ್ನನ್ನು ಸಾಕಿದ್ದು ಮೈಸೂರಿನ ದೊಡ್ಡಪ್ಪ. ಅವರು ರೇಷ್ಮೆ ಕಾರ್ಖಾನೆಯಲ್ಲಿದ್ದರು, ಅವರಿಗೆ ಇದ್ದದ್ದು ಒಬ್ಬಳೇ ಮಗಳು, ನನ್ನ ಅಕ್ಕ, ಗಂಡುಮಕ್ಕಳಿರಲಿಲ್ಲ. ನನ್ನ ಪ್ರೋಗ್ರೆಸ್ ಕಾರ್ಡಿನ ಕೆಳಗೆ "ತಂದೆ/ಪೋಷಕರ ಸಹಿ" ಎಂದು ಅಚ್ಚಾಗಿರುತ್ತಿತ್ತಲ್ಲ, ಅದರಲ್ಲಿ "ಪೋಷಕರ" ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಆಮೇಲೆ ಸಹಿ ಮಾಡುತ್ತಿದ್ದರು. ಪ್ರತಿ ಸಲವೂ, ಹತ್ತನೇ ಕ್ಲಾಸಿನವರೆಗೂ. ಅಂಥ ಮನೆಯಲ್ಲಿ ಬೆಳೆದವನಿಗೆ ಉಸ್ತಾದರ ಪ್ರಶ್ನೆ ಪ್ರಶ್ನೆಯಾಗಿಯೇ ಕಾಣಲಿಲ್ಲ.

"ಅಣ್ಣನ ಮಗಳು ಅಂದರೆ ಮಗಳೇ," ಎಂದೆ. "ನಮ್ಮಲ್ಲೂ ಹಾಗೇ. ಚೀಟಿಯಲ್ಲೇ ನಿಮ್ಮ ಹೆಸರಿದೆ. ಇನ್ನೇನು?"

"ವಕೀಲರನ್ನು ಒಂದು ಮಾತು ಕೇಳೋಣವೇ?"

ಉಚಿತವಾಗಿ ಸಲಹೆ ಕೊಡುವ ವಕೀಲೆಯೊಬ್ಬರಿದ್ದರು. ಅವರು ಸಿಗಲು ಎರಡು ವಾರ ಬೇಕಿತ್ತು, ಗಡುವಿಗೆ ಉಳಿದದ್ದು ಒಂಬತ್ತು ದಿನ. "ಇಷ್ಟಕ್ಕೆಲ್ಲ ವಕೀಲರು ಯಾಕೆ" ಎಂದು ನಾನೇ ಹೇಳಿದೆ. ನಾನೇ ಗುಂಡಿ ಒತ್ತಿ ಅರ್ಜಿ ಕಳಿಸಿದೆ. ಒತ್ತಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಕುರ್ಚಿಗೆ ಒರಗಿಕೊಂಡೆ. ಉಸ್ತಾದರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆ ದಿನದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದೆವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದೂ ಅಲ್ಲದೆ ಬೇರೆಯವರ ಹೆಸರಿನಲ್ಲಿ ಬರೆದು ಕಳಿಸಿದ್ದೆ.

ವರ್ಷದ ಮೇಲೆ ಒಂದು ಕಾಗದ ಬಂತು. ಮೂವರು ಮಕ್ಕಳದೂ ರಕ್ತಸಂಬಂಧದ ಪರೀಕ್ಷೆ ಆಗಬೇಕು ಎಂದಿತ್ತು. ಉಸ್ತಾದರು ಕ್ಯಾಂಟೀನಿನಲ್ಲಿ ನನ್ನ ತಟ್ಟೆಯ ಪಕ್ಕದಲ್ಲಿ ಅದನ್ನಿಟ್ಟು ಸೂಪಿನ ಹಿಂದಕ್ಕೆ ಹೋಗಿ ನಿಂತರು. ನಾನು ಓದಿದೆ. ತಲೆಯೆತ್ತಿ ಅವರ ಕಡೆ ನೋಡಲಾಗಲಿಲ್ಲ.

ಆಮೇಲೆ ವಕೀಲೆಯ ಹತ್ತಿರ ಹೋದೆವು. ನಡುವಯಸ್ಸಿನ ಹೆಂಗಸು, ಒಳ್ಳೆಯವರು. ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲೇ ನಿಜ ಬರೆದು, ಅನಾಥ ಹುಡುಗಿ, ಇವರೇ ಸಾಕಿದ್ದಾರೆ ಅಂತ ಬೇರೆಯಾಗಿ ಕೇಳಬಹುದಿತ್ತು. ಸಿಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಕೇಳಬಹುದಿತ್ತು. ಈಗ ಏನು ಕೇಳಿದರೂ ಮೊದಲ ಪುಟದಲ್ಲಿ ಸುಳ್ಳಿದೆ ಅನ್ನುತ್ತಾರೆ. ಇದನ್ನು ಹೀಗೆ ಬರೆಯಲು ಹೇಳಿದ್ದು ಯಾರು?"

"ನಾನೇ ಬರೆದೆ," ಎಂದರು ಉಸ್ತಾದರು, ನಾನು ಬಾಯಿ ತೆರೆಯುವ ಮೊದಲೇ.

ಮನೆಗೆ ಬಂದು ಸುಮಾಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು. "ನಿಮಗ್ಯಾಕ್ರೀ ಬೇಕಿತ್ತು ಈ ಬುದ್ಧಿವಂತಿಕೆ? ಗೊತ್ತಿಲ್ಲ ಅಂದಿದ್ರೆ ಏನ್ ಗಂಟು ಹೋಗ್ತಿತ್ತು ನಿಮ್ದು? ಪಾಪ, ಆ ಮನುಷ್ಯ ಕೇಳಿದ್ರು ತಾನೇ, ಲಾಯರ್‌ನ ಕೇಳೋಣ್ವಾ ಅಂತ?" ನನ್ನ ಮಗಳು ಸೋಫಾದ ಮೇಲಿಂದ "ಈಸ್ ಅಂಕಲ್ ಉಸ್ತಾದ್ ಗ್ರ್ಯಾಂಡ್?" ಎಂದು ಐರಿಷ್ ರಾಗದಲ್ಲಿ ಕೇಳಿದಳು. ಸುಮಾ ಮತ್ತೆ ಬಟ್ಟೆ ಮಡಿಸತೊಡಗಿದಳು.

ಕೊನೆಗೆ ಬಂದ ತೀರ್ಮಾನವನ್ನು ಒಳ್ಳೆಯ ಸುದ್ದಿ ಎಂದೇ ಬೇರೆಯವರು ಹೇಳುತ್ತಿದ್ದರು. ಹೆಂಡತಿ ಬರಬಹುದು, ಇಬ್ಬರು ಗಂಡುಮಕ್ಕಳು ಬರಬಹುದು. ಹುಡುಗಿಗೆ ಇಲ್ಲ. ಉಸ್ತಾದರು ನಮ್ಮ ಮನೆಯಿಂದಲೇ ಪೇಶಾವರಕ್ಕೆ ಫೋನು ಮಾಡಿದರು. ಅವರ ಹೆಂಡತಿಯ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ಅವರ ಭಾಷೆ ನನಗೆ ತಿಳಿಯದು. ಕೂಗಾಡಲಿಲ್ಲ, ಅಳಲಿಲ್ಲ, ಚಿಕ್ಕದಾಗಿ ಏನೋ ಹೇಳಿದರು. ಉಸ್ತಾದರು ಫೋನಿಟ್ಟು ನನಗೆ ತಿಳಿಸಿದರು: "ಹದಿನೈದು ವರ್ಷದ ಹುಡುಗಿಯನ್ನು ಯಾರ ಬಾಗಿಲಲ್ಲಿ ಬಿಟ್ಟು ಬರಲಿ, ನೀವೇ ಹೇಳಿ ಅನ್ನುತ್ತಾಳೆ. ಸರಿಯಾಗೇ ಹೇಳಿದಳು."

ಆಕೆ ಬರಲಿಲ್ಲ, ಗಂಡುಮಕ್ಕಳನ್ನೂ ಕಳಿಸಲಿಲ್ಲ. ಬರಬಹುದಾದ ಅವಧಿ ಮುಗಿದುಹೋಯಿತು. ಉಸ್ತಾದರು ಇನ್ನೊಂದು ಚಳಿಗಾಲ ಸೂಪು ಬಡಿಸಿದರು. ನ್ಯಾಪ್‌ಕಿನ್ನಿನ ಮೇಲೆ ಬರೆಯುವುದು ನಿಂತಿತ್ತು. ಹ್ಮೋಂಗರ ಮಾತು ಒಂದೇ ಒಂದು ಸಲ ಬಂತು. "ಅಮೆರಿಕ ದೊಡ್ಡ ನೆಲ. ಹಳೇ ಕಾರು ಹತ್ತಿ ಅಣ್ಣನ ಮಕ್ಕಳ ಹತ್ತಿರ ಹೋಗಬಹುದಿತ್ತು. ನಾನು ನೀರಿನ ನಡುವೆ ಕೂತಿದ್ದೀನಿ," ಎಂದರು. ವಸಂತದಲ್ಲಿ, ಇಷ್ಟು ಕಷ್ಟಪಟ್ಟು ಸಿಕ್ಕ ಆಶ್ರಯವನ್ನು ಬಿಟ್ಟು, ಅವರೇ ಪೇಶಾವರಕ್ಕೆ ಹೊರಟರು. ಅಲ್ಲಿ ಆಫ್ಘನ್ನರನ್ನು ವಾಪಸ್ ಅಟ್ಟುತ್ತಿದ್ದಾರೆ, ಹೋಗಬೇಡಿ ಎಂದು ಎಲ್ಲರೂ ಹೇಳಿದರು. "ಅಟ್ಟಿದರೆ ಐವರನ್ನೂ ಒಟ್ಟಿಗೆ ಅಟ್ಟಲಿ," ಎಂದರು.

ಹೊರಡುವ ಹಿಂದಿನ ದಿನ ಆ ಚಪ್ಪಲಿ ಸ್ಟ್ಯಾಂಡನ್ನು ಬಸ್ಸಿನಲ್ಲಿ ಹೊತ್ತು ತಂದು ನಮಗೆ ಕೊಟ್ಟರು. ಸುಮಾ ಚಹಾ ಮಾಡಿದಳು. ನಾನು ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಲು ಶುರು ಮಾಡಿದೆ: "ಉಸ್ತಾದ್, ಆ ಅರ್ಜಿ ನಾನು..." ಅವರು ಕೈಯೆತ್ತಿದರು. "ಚಹಾ ಆರಿಹೋಗುತ್ತೆ, ಕುಡಿಯಿರಿ." ಅಷ್ಟೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಮೈಸೂರಿನ ನನ್ನ ದೊಡ್ಡಪ್ಪ ತೀರಿಕೊಂಡರು. ಬೆಳಿಗ್ಗೆ ಆಫೀಸಿನಲ್ಲಿರುವಾಗ ಫೋನು ಬಂತು. ಸಾವಿನ ರಜೆಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಬೇಕು. "ತೀರಿಕೊಂಡವರು ನಿಮಗೆ ಏನಾಗಬೇಕು" ಎಂಬಲ್ಲಿ ಒಂದು ಪಟ್ಟಿ: ತಂದೆ, ತಾಯಿ, ಸಂಗಾತಿ, ಮಕ್ಕಳು, ಒಡಹುಟ್ಟಿದವರು, ಇತರೆ. ತಂದೆ ಎಂದರೆ ಐದು ದಿನ, ಇತರೆ ಎಂದರೆ ಒಂದು. ನನ್ನ ವಾರ್ಷಿಕ ರಜೆ ಮುಗಿದಿತ್ತು. ನನ್ನ ಬೆರಳು "ತಂದೆ"ಯ ಮೇಲೆ ಎಷ್ಟು ಹೊತ್ತು ನಿಂತಿತ್ತೋ ತಿಳಿಯದು. ಪೌರತ್ವಕ್ಕೆ ಅರ್ಜಿ ಹಾಕಿ ಕೂತಿದ್ದ ಕಾಲ ಅದು. ನನ್ನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬೇರೆ ಇದೆ, ನಾಳೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ? ಉಸ್ತಾದರ ಗತಿ ಕಣ್ಣೆದುರಿಗಿತ್ತು. "ಇತರೆ" ಒತ್ತಿದೆ. ಪಕ್ಕದ ಚೌಕದಲ್ಲಿ "ಅಂಕಲ್" ಎಂದು ಬರೆದೆ. ಒಂದು ದಿನ ಸಿಕ್ಕಿತು. ಒಂದು ದಿನದಲ್ಲಿ ಮೈಸೂರು ಮುಟ್ಟಲಾಗುವುದಿಲ್ಲ. ಸಂಬಳ ಹೋದರೆ ಹೋಗಲಿ ಎಂದು ಎದ್ದು ಹೊರಡಬಹುದಿತ್ತು. ಹೊರಡಲಿಲ್ಲ. ನಾನಿಡಬೇಕಾಗಿದ್ದ ಕೊಳ್ಳಿಯನ್ನು ಅಕ್ಕನ ಗಂಡ ಇಟ್ಟರು, ನಾನು ಮೊಬೈಲಿನಲ್ಲಿ ನೋಡಿದೆ.

ಆ ವಾರ ಉಸ್ತಾದರು ಫೋನು ಮಾಡಿದರು. ಸುಮಾ ಮೆಸೇಜು ಹಾಕಿ ತಿಳಿಸಿದ್ದಳು. ಉಸಿರು ಎಳೆದೆಳೆದು ಮಾತಾಡುತ್ತಿದ್ದರು. ಆಗಲೇ ಎದೆಯ ಕಾಯಿಲೆ ಅಂಟಿಕೊಂಡಿತ್ತಂತೆ. ಪ್ರೋಗ್ರೆಸ್ ಕಾರ್ಡಿನ ಕಥೆಯನ್ನು ಎಂದೋ ಅವರಿಗೆ ಹೇಳಿದ್ದೆ, ಅದನ್ನು ನೆನೆಸಿಕೊಂಡರು. ಆಮೇಲೆ, "ಆಫೀಸಿಗೆ ಏನಂತ ಬರೆದುಕೊಟ್ಟಿರಿ?" ಎಂದು ಕೇಳಿದರು.

"ತಂದೆ ಅಂತಲೇ ಬರೆದೆ," ಎಂದೆ.

ಅವರು "ಒಳ್ಳೇದು ಮಾಡಿದಿರಿ," ಎಂದರು. ನಾವು ಮಾತಾಡಿದ್ದು ಅದೇ ಕೊನೆ.

ಹೋದ ತಿಂಗಳು ಆ ಹುಡುಗಿ ಕಳಿಸಿದ ಮೆಸೇಜಿನಲ್ಲಿ ನನ್ನನ್ನು "ಕಾಕಾ" ಎಂದು ಕರೆದಿದ್ದಳು. ಅವರಲ್ಲಿ ಅಪ್ಪನ ಅಣ್ಣತಮ್ಮಂದಿರನ್ನು ಹಾಗೇ ಕರೆಯುತ್ತಾರಂತೆ. "ಕಾಕಾ, ನನ್ನ ತಂದೆ ಇಂದು ಬೆಳಿಗ್ಗೆ ತೀರಿಕೊಂಡರು. ನಿಮ್ಮ ದೊಡ್ಡಪ್ಪನನ್ನು ನೀವೂ ತಂದೆ ಅಂತಲೇ ಬರೆದಿರಂತೆ. ಆ ಮಾತನ್ನು ಬಾಬಾ ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅರ್ಜಿಯಲ್ಲಿ ನಾವು ಬರೆದದ್ದು ಸುಳ್ಳಲ್ಲ, ನೋಡು, ಅವರೂ ಹಾಗೇ ಬರೆದಿದ್ದಾರೆ ಅಂತ ನನಗೆ ಹೇಳುತ್ತಿದ್ದರು."

ನಾನು ಇನ್ನೂ ಉತ್ತರ ಬರೆದಿಲ್ಲ.